ಲಾಭ, ಎರಡು, ಮೂರು

ಸಾಲಿಯ ದಿನಗಳೆಂದರೆ ಬಂಗಾರದ ದಿನಗಳು ಎಂದು ಯಾರಾದರೂ ಶುರು ಮಾಡಿದರೆ ಸಾಕು, ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಟಿಳಕವಾಡಿಯ ನಮ್ಮ ಓಣಿಯಲ್ಲಿ ಸಂಜೆ ವಾಕಿಂಗಿಗೆ ಬರುವ ಗೆಳತಿಯರಿಗೆ ಈ ಚಟ ಜಾಸ್ತಿ. ಆಗ ಎಷ್ಟು ಚಂದ ಇತ್ತು, ಮಾಸ್ತರುಗಳು ಎಂಥ ದೇವರಂಥವರು, ಅಂತ. ಚಂದ ಇರಲಿಲ್ಲ ಎಂದು ನಾನೂ ಹೇಳುವುದಿಲ್ಲ. ಖಾನಾಪುರದಲ್ಲಿ ಗಣಪತಿ ಹಬ್ಬ ಮುಗಿದು ಮಳೆ ತುಸು ಹಿಂದೆ ಸರಿದಾಗ ಹಂಚಿನ ಭಟ್ಟಿಗಳಿಗೆ ಮತ್ತೆ ಬೆಂಕಿ ಹಾಕುತ್ತಿದ್ದರು. ಸುಟ್ಟ ಮಣ್ಣಿನ ವಾಸನೆ ನಮ್ಮ ಹೈಸ್ಕೂಲಿನ ಮೈದಾನದವರೆಗೂ ಬರುತ್ತಿತ್ತು. ಗೇಟಿನ ಹತ್ತಿರ ಒಬ್ಬ ಮುದುಕಿ ಕುದಿಸಿದ ಶೇಂಗಾ, ಉಪ್ಪುಖಾರ ಸವರಿದ ಸವತಿಕಾಯಿ ಇಟ್ಟುಕೊಂಡು ಕೂರುತ್ತಿದ್ದಳು. ಎಲ್ಲ ನೆನಪಿದೆ. ಅದರ ಜೊತೆಗೇ ಓಟದ ತೀರ್ಪು ಕೊಡುವ ಒಬ್ಬ ಪಂಚರ ನಗುವೂ ನೆನಪಿದೆ. ಅದನ್ನು ಪಕ್ಕಕ್ಕಿಟ್ಟು ಬರೀ ಶೇಂಗಾ ನೆನೆಸಿಕೊಳ್ಳುವುದು ನನ್ನಿಂದ ಆಗುವುದಿಲ್ಲ.

ಹತ್ತನೆಯ ಇಯತ್ತೆಯಲ್ಲಿ ಶೇವಂತಾ ನನ್ನ ಬೆಂಚಿನವಳು. ಅವಳ ಊರು ಖಾನಾಪುರದಿಂದ ಮೂರು ಮೈಲು ದೂರ, ಕಾಡಿನ ಅಂಚಿಗೆ ಇಪ್ಪತ್ತು ಮನೆಗಳ ಒಂದು ವಾಡಿ. ಬಸ್ಸು ಇತ್ತು, ಆದರೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಮರಾಠಿ ಆಡುತ್ತಿದ್ದಳು, ಸಾಲಿಯಲ್ಲಿ ಕನ್ನಡ, ಓಡುವಾಗ ಎರಡೂ ಇಲ್ಲ. ಅವಳ ಡಬ್ಬಿಯಲ್ಲಿ ಅಕ್ಕಿ ಭಕ್ರಿ, ಮೇಲೆ ಬಳ್ಳೊಳ್ಳಿ ಹಾಕಿ ಕುಟ್ಟಿದ ಹಸಿಮೆಣಸಿನಕಾಯಿ ಠೇಚಾ. ನಾವು ಜೈನರು, ಚಾತುರ್ಮಾಸ ಮುಗಿಯುವವರೆಗೆ ಬಳ್ಳೊಳ್ಳಿ ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ನಾನು ಆ ನಾಲ್ಕು ತಿಂಗಳು ಅವಳ ಡಬ್ಬಿಯಲ್ಲೇ ಊಟ ಮಾಡಿದೆ, ಬಾಯಿ ವಾಸನೆಗೆ ಪೇರಲ ಎಲೆ ಅಗಿದು ಮನೆಗೆ ಹೋದೆ.

ಒಂದು ದಿನ ಅವಳು ಗಣಿತದ ವಹಿ ಮರೆತು ಬಂದಳು. ಊಟದ ಸೂಟಿಗೆ ಮುಂಚಿನ ಪಿರಿಯಡ್ಡಿನಲ್ಲಿ ಗಣಿತದ ಸರ್ "ಹೋಗ, ಮನಿಗೆ ಹೋಗಿ ತಗೊಂಡ ಬಾ" ಎಂದರು. ಅದು ಬೈಗುಳ. ಇವಳು ಅಪ್ಪಣೆ ಎಂದು ತಿಳಿದು ಹೊರಟೇಬಿಟ್ಟಳು. ಊಟದ ಸೂಟಿ ಮುಗಿದ ಗಂಟೆ ಬಾರಿಸುವುದಕ್ಕೂ ಅವಳು ವಹಿಯನ್ನು ಮೇಜಿನ ಮೇಲೆ ಇಡುವುದಕ್ಕೂ ಸರಿಹೋಯಿತು.

"ಯಾರ ಗಾಡಿ ಮ್ಯಾಲೆ ಬಂದಿ?" ಎಂದರು ಸರ್.

"ಓಡಿ ಬಂದೇನ್ರಿ ಸರ್."

"ಸುಳ್ಳ ಹೇಳಬ್ಯಾಡ."

ಅವಳು ಸುಳ್ಳು ಹೇಳಿರಲಿಲ್ಲ. ಆದರೆ ಅವಳ ಓಟ ಕಂಡವರೆಲ್ಲ ಮೊದಲು ಆಡುತ್ತಿದ್ದ ಮಾತು ಅದೇ. ನಮ್ಮ ಪಿ.ಟಿ. ಸರ್ ಮಾತ್ರ ಆ ಸುದ್ದಿ ಕೇಳಿ ಅವಳನ್ನು ಮೈದಾನಕ್ಕೆ ಕರೆದು ಹುಡುಗರ ಜೊತೆ ಓಡಿಸಿದರು. ಎಂಟನೆಯ ಸುತ್ತಿಗೆ ಹುಡುಗರಿಗೆಲ್ಲ ಒಬ್ಬೊಬ್ಬರಾಗಿ ಹೊಟ್ಟೆನೋವು ಬಂತು. ಅಷ್ಟು ಮಂದಿಗೆ ಒಂದೇ ಹೊತ್ತಿಗೆ ಹೊಟ್ಟೆ ಕೆಟ್ಟ ತಪ್ಪು ಪಾಪ ಶೇಂಗಾ ಮುದುಕಿಯ ತಲೆಗೆ ಬಂತು. ಶೇವಂತಾ ಹದಿನೈದೂ ಸುತ್ತು ಮುಗಿಸಿ, ನಿಂಬೆಹುಳಿ ಪೆಪ್ಪರಮೆಂಟು ಚೀಪುತ್ತ, ಹುಡುಗರು ಯಾಕೆ ಕೂತರು ಎಂದು ನನ್ನನ್ನು ಕೇಳಿದಳು.

ಅವಳಿಗೆ ಒಂದೇ ಒಂದು ಕೊರತೆ. ಓಡಲು ಶುರು ಮಾಡಿದರೆ ಎಷ್ಟು ಸುತ್ತಾಯಿತು ಎನ್ನುವುದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. "ಓಡಾಕ ಹತ್ತಿದ್ರ ನನಗ ಲೆಕ್ಕಾನ ಇರಂಗಿಲ್ಲ. ಪದ್ದಿ, ನೀ ನಿಂದ್ರು ಅಂದಾಗ ನಿಂದರತೀನಿ" ಎಂದಳು. ಪಿ.ಟಿ. ಸರ್ ಕೂಡ, "ಅಂಗಡಿಯವರ ಮಗಳಿದ್ದಿ, ನಿನ್ನ ಎಣಿಕಿ ತಪ್ಪಂಗಿಲ್ಲ. ನೀನ ಬರಿ" ಎಂದು ಹಾಳೆ ಪೆನ್ಸಿಲು ನನ್ನ ಕೈಗೆ ಕೊಟ್ಟರು.

ಖಾನಾಪುರ ಬಜಾರದಲ್ಲಿ ನಮ್ಮ ಅಪ್ಪನದು ಕಾಳುಕಡಿಯ ಅಂಗಡಿ. ಸೇರಿನಿಂದ ಅಕ್ಕಿ ಅಳೆಯುವಾಗ ಅಪ್ಪ ಎಂದೂ ‘ಒಂದು’ ಎಂದವನಲ್ಲ. ಮೊದಲ ಸೇರು ಸುರಿಯುವಾಗ ‘ಲಾಭ’ ಎನ್ನಬೇಕು. ಆಮೇಲೆ ಎರಡು, ಮೂರು. ಕನ್ನಡದವರೂ ಹಾಗೇ, ಮರಾಠಿಯವರೂ ಹಾಗೇ, ನಮ್ಮ ಕಡೆ ಕಾಳು ಅಳೆಯುವ ಕೈಗೆಲ್ಲ ಅದೇ ರೂಢಿ. ನಾನು ಎಣಿಕೆ ಕಲಿತದ್ದೇ ಆ ಸೇರಿನ ಬಾಜುಕ್ಕೆ ಕೂತು. ಶೇವಂತಾ ಮೊದಲ ಸುತ್ತು ಮುಗಿಸಿ ಬಂದಾಗ ನಾನು "ಲಾಭ!" ಎಂದು ಕೂಗುತ್ತಿದ್ದೆ. ಅವಳು ನಗುತ್ತ ದಾಟಿ ಹೋಗುತ್ತಿದ್ದಳು. ಹಾಳೆಯ ಮೇಲೆ ‘ಲಾ’ ಎಂದು ಬರೆದು ಮುಂದೆ 2, 3, 4 ಹಾಕುತ್ತಿದ್ದೆ. ತಾಲೂಕು ಮಟ್ಟದ ಓಟದಲ್ಲೂ ಹಾಗೇ ಬರೆದುಕೊಟ್ಟೆ. ಅಲ್ಲಿಯ ಪಂಚರು ಓದಿ, "ಶೆಟ್ರ ಮಗಳ ಖರೇ" ಎಂದು ನಕ್ಕು ಮೊದಲ ಬಹುಮಾನ ಅವಳಿಗೇ ಕೊಟ್ಟರು. ಅವತ್ತು ಅವಳು ಎಲ್ಲರನ್ನೂ ಒಂದು ಸುತ್ತು ಹಿಂದೆ ಹಾಕಿದ್ದಳು.

ಮುಂದೆ ಇದ್ದದ್ದು ಬೆಳಗಾವಿಯಲ್ಲಿ ಜಿಲ್ಲಾ ಮಟ್ಟ. ಅಲ್ಲಿ ಮೊದಲು ಬಂದವಳು ರಾಜ್ಯಮಟ್ಟಕ್ಕೆ ಹೋಗುತ್ತಾಳೆ, ಅಲ್ಲಿ ಚೆನ್ನಾಗಿ ಓಡಿದರೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಜಾಗ ಸಿಗುತ್ತದೆ ಎಂದು ಪಿ.ಟಿ. ಸರ್ ಹೇಳಿದ್ದರು. ಶೇವಂತಾಳ ಮನೆಯಲ್ಲಿ ಹತ್ತನೆಯದು ಮುಗಿದರೆ ಮದುವೆ ಎಂದು ಮಾತಾಗಿತ್ತು. ಹಾಸ್ಟೆಲ್ ಸಿಕ್ಕರೆ ಎರಡು ವರ್ಷ ತಡೆಯುತ್ತೇನೆ ಎಂದು ಅವಳ ಅಪ್ಪ ಬಹಳ ಹೇಳಿಸಿಕೊಂಡು ಒಪ್ಪಿದ್ದ. ಆ ಎರಡು ವರ್ಷಕ್ಕಾಗಿ ಅವಳು ಓಡಬೇಕಿತ್ತು.

ಬೆಳಿಗ್ಗೆಯ ಪ್ಯಾಸೆಂಜರ್ ಗಾಡಿಗೆ ನಾವು ಮೂವರು ಬೆಳಗಾವಿಗೆ ಹೋದೆವು. ಮೈದಾನ ಚಿಕ್ಕದು, ಸುಣ್ಣದಲ್ಲಿ ಎಳೆದ ಇನ್ನೂರು ಮೀಟರಿನ ಸುತ್ತು. ಮೂರು ಸಾವಿರ ಮೀಟರಿಗೆ ಹದಿನೈದು ಸುತ್ತು. ಜನ ಸಾಲದ್ದಕ್ಕೆ ಆಯಾ ಸಾಲಿಯವರೇ ತಮ್ಮ ಹುಡುಗಿಯ ಸುತ್ತು ಬರೆದು ಕೊಡಿ ಎಂದರು. ಗೆರೆಯ ಹತ್ತಿರ ಒಂದು ಬಾಕಿನ ಮೇಲೆ ನಾನು ಕೂತೆ.

ಆ ಓಟವನ್ನು ಹೇಗೆ ಹೇಳಲಿ? ನಾಲ್ಕನೆಯ ಸುತ್ತಿಗೆ ಶೇವಂತಾ ಒಬ್ಬಳೇ ಮುಂದಿದ್ದಳು. ಒಂಬತ್ತರ ಹೊತ್ತಿಗೆ ಹಿಂದಿನವರನ್ನು ಒಬ್ಬೊಬ್ಬರನ್ನೇ ದಾಟುತ್ತ ಬಂದಳು. ಎರಡನೆಯ ಸ್ಥಾನದಲ್ಲಿ ನಗರದ ಸಾಲಿಯೊಂದರ ಎತ್ತರದ ಹುಡುಗಿ ಇದ್ದಳು, ಒಳ್ಳೆಯ ಓಟಗಾರ್ತಿ. ಹದಿನಾಲ್ಕನೆಯ ಸುತ್ತಿನ ಕೊನೆಗೆ ಶೇವಂತಾ ಅವಳನ್ನೂ ದಾಟಿದಳು. ಆಗ ಆ ಹುಡುಗಿಯದು ಹದಿಮೂರು. ಮುಖ್ಯ ಪಂಚರು ಅಷ್ಟು ಹೊತ್ತು ಗೆರೆಗೆ ಬೆನ್ನು ಹಾಕಿ, ಬಂದ ಅತಿಥಿಗೆ ಹಾರ ಹಾಕಿಸುವುದರಲ್ಲಿದ್ದರು. ತಿರುಗಿ ನೋಡಿದಾಗ ಇಬ್ಬರು ಹುಡುಗಿಯರು ಹಿಂದುಮುಂದಾಗಿ ಓಡುತ್ತಿದ್ದಾರೆ. ಇಬ್ಬರದೂ ಒಂದೇ ಲೆಕ್ಕ, ಹದಿಮೂರು ಎಂದು ಅವರು ತೀರ್ಮಾನಿಸಿಬಿಟ್ಟರು. ಶೇವಂತಾಳ ಕೊನೆಯ ಸುತ್ತಿಗೆ ಬಾರಿಸಬೇಕಾಗಿದ್ದ ಗಂಟೆ ಬಾರಿಸಲೇ ಇಲ್ಲ.

ಶೇವಂತಾ ಮತ್ತೆ ಬಂದಳು. ನಾನು ಎದ್ದು ನಿಂತು, "ಹದಿನೈದು! ನಿಂದ್ರು!" ಎಂದು ಕಿರುಚಿದೆ. ಅವಳು ನಿಂತಳು. ಅದೇ ಹೊತ್ತಿಗೆ ಪಂಚರು ಗಂಟೆ ಬಾರಿಸಿದರು.

"ಏ ಹುಡುಗಿ! ಇನ್ನೊಂದ ಸುತ್ತು ಐತಿ, ಓಡ ಓಡ!"

ನಗರದ ಹುಡುಗಿ ಇನ್ನೂ ನಲವತ್ತು ಹೆಜ್ಜೆ ಹಿಂದಿದ್ದಳು. ಶೇವಂತಾ ಪಂಚರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅವಳಿಗೆ ದಣಿವೇನೂ ಆಗಿರಲಿಲ್ಲ.

"ಪದ್ದೀ, ಓಡ್ಲೇನ?"

"ಬ್ಯಾಡ. ಮುಗದೈತಿ. ನಾ ಬರದೇನಿ."

ಅವಳು ನನ್ನ ಬಾಕಿನ ಹತ್ತಿರ ನೆಲದ ಮೇಲೆ ಕೂತಳು. ನಗರದ ಹುಡುಗಿ ನಮ್ಮ ಮುಂದೆಯೇ ಹಾದು ಇನ್ನೊಂದು ಸುತ್ತು ಹೋಗಿ ಬಂದಳು. ಅವಳಿಗೆ ರಿಬ್ಬನ್ ಹಿಡಿದರು.

ನಾನು ಹಾಳೆ ಹಿಡಿದು ಓಡಿದೆ. ಪಂಚರು ಬೆರಳಿಟ್ಟು ಒಂದೊಂದೇ ಅಂಕಿ ಓದಿದರು.

"ಒಂದು ಎಲ್ಲೈತಿ ಇದರಾಗ? ಎರಡರಿಂದ ಹದಿನೈದು ಅಂದ್ರ ಹದಿನಾಲ್ಕ ಆತು."

"ಲಾಭ ಅಂದ್ರ ಒಂದ್ರೀ ಸರ್."

ಅವರು ಸುತ್ತಲಿನವರನ್ನು ನೋಡಿ ನಕ್ಕರು. "ಇದೇನ ಸಂತ್ಯಾಗ ಜ್ವಾಳಾ ಅಳಿಯೂದಂತ ತಿಳದಿಯೇನ?"

ಎಲ್ಲರೂ ನಕ್ಕರು. ಹಾರ ಹಾಕಿಸಿಕೊಂಡ ಅತಿಥಿಯೂ ನಕ್ಕ. ಇಷ್ಟು ವರ್ಷವಾದರೂ ನನ್ನ ರಕ್ತ ಕುದಿಯುವುದು ಇದಕ್ಕೆ. ಜೋಳ ಅಳೆಯುವ ಮಾತು ನಾನು ತೆಗೆದಿರಲಿಲ್ಲ, ಅವರ ಬಾಯಿಂದಲೇ ಬಂತು. ಅಂದರೆ ಅವರಿಗೆ ಗೊತ್ತಿತ್ತು. ಲಾಭ ಎಂದರೆ ಒಂದು ಎಂದು ಅಲ್ಲಿ ನಿಂತ ಒಬ್ಬೊಬ್ಬರಿಗೂ ಗೊತ್ತಿತ್ತು. ಅವರೆಲ್ಲರ ಅವ್ವಂದಿರೂ ಹಾಗೆಯೇ ಎಣಿಸಿ ಕಾಳು ಕೊಂಡವರು. ತಿಳಿಯದೆ ಮಾಡಿದ್ದರೆ ನಾನೂ ಎಂದೋ ಮರೆಯುತ್ತಿದ್ದೆ. ರಿಬ್ಬನ್ ಹಿಡಿದಾಗಿದೆ, ಅತಿಥಿಯ ಮುಂದೆ ತಪ್ಪೊಪ್ಪಿಕೊಳ್ಳಬೇಕಾಗುತ್ತದೆ, ಅದಕ್ಕಾಗಿ ತಿಳಿದವರು ತಿಳಿಯದವರಂತೆ ನಿಂತರು.

ಪಿ.ಟಿ. ಸರ್ ತಮ್ಮ ಸ್ಟಾಪ್‌ವಾಚ್ ತೋರಿಸಲು ಹೋದರು. ಪಂಚರು ಅದನ್ನೇ ಹಿಡಿದುಕೊಂಡರು. "ನೀವ ನೋಡ್ರಿ ಸರ್. ಇಷ್ಟ ಟೈಮಿನ್ಯಾಗ ಹೆಣ್ಣ ಹುಡುಗಿ ಹದಿನೈದು ಸುತ್ತು ಓಡಾಕ ಸಾಧ್ಯ ಐತೇನ್ರಿ?" ಅಂದರೆ ಅವಳು ಅಷ್ಟು ಚೆನ್ನಾಗಿ ಓಡಿದ್ದೇ ಅವಳು ಓಡಿಲ್ಲ ಎನ್ನುವುದಕ್ಕೆ ಸಾಕ್ಷಿಯಾಯಿತು!

ಆಗ ಬಾಯಿ ತೆರೆದವಳು ಆ ನಗರದ ಹುಡುಗಿ ಒಬ್ಬಳೇ. ರಿಬ್ಬನ್ ಇನ್ನೂ ಅವಳ ಹೆಗಲ ಮೇಲಿತ್ತು. "ಸರ್, ಇಕಿ ನನ್ನ ದಾಟಿ ಹೋಗಿದ್ಲರಿ. ಪೂರ್ತಿ ಒಂದ ಸುತ್ತು ಮುಂದಿದ್ಲು" ಎಂದಳು. ಅವಳ ಸರ್ ರಟ್ಟೆ ಹಿಡಿದು, "ನೀ ಸುಮ್ಮನ ನಿಂದ್ರು" ಎಂದು ಎಳೆದುಕೊಂಡರು. ಮಕ್ಕಳು ಖರೆ ಹೇಳುತ್ತಿದ್ದರು, ದೊಡ್ಡವರು ಸುಮ್ಮನಿರಿಸುತ್ತಿದ್ದರು. ನಮ್ಮ ಪಿ.ಟಿ. ಸರ್ ಒಮ್ಮೆ ವಾಚು ನೋಡಿದರು, ಒಮ್ಮೆ ಪಂಚರ ಮುಖ ನೋಡಿದರು, ವಾಚನ್ನು ಜೇಬಿಗೆ ಹಾಕಿದರು.

"ಹೋಗ್ಲಿ ಬಿಡ್ರಿ ಸರ್. ಮುಂದಿನ ವರ್ಷ ನೋಡೂಣು."

ಹತ್ತನೆಯ ಇಯತ್ತೆಯ ಹುಡುಗಿಗೆ ಯಾವ ಮುಂದಿನ ವರ್ಷ? ಅಂದು ಆ ಮನುಷ್ಯನ ಮುಖಕ್ಕೆ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ: ನೀವು ಹೇಡಿ, ಸರ್. ಅವಳನ್ನು ನಂಬಿದ್ದು ನೀವೊಬ್ಬರೇ, ಬಿಟ್ಟುಕೊಟ್ಟದ್ದೂ ನೀವೇ. ಫಲಿತಾಂಶದ ಕಾಗದದಲ್ಲಿ ಶೇವಂತಾಳ ಹೆಸರಿನ ಮುಂದೆ ‘ಓಟ ಪೂರ್ಣಗೊಳಿಸಿಲ್ಲ’ ಎಂದು ಬರೆದರು.

ಸ್ಟೇಶನ್ನಿನಲ್ಲಿ ಸರ್ ನಮಗೆ ವಡಾಪಾವ್ ಕೊಡಿಸಿದರು. ನಾನು ನನ್ನದನ್ನು ಶೇವಂತಾಳ ಕಡೆ ಸರಿಸಿದೆ. ಶೇವಂತಾ ತನ್ನದನ್ನು ತಿಂದು ನನ್ನದನ್ನೂ ತಿಂದಳು, ಅವಳಿಗೆ ಹಸಿವಾಗಿತ್ತು. ಗಾಡಿ ದೇಸೂರು ದಾಟಿದ ಮೇಲೆ ಕೇಳಿದಳು, "ನೀ ಬರೋಬ್ಬರಿ ಎಣಿಸಿದ್ದಿ, ಹೌದಿಲ್ಲೋ?"

"ಹೂಂ."

"ಹಂಗಾರ ಆತು ಬಿಡು" ಎಂದು ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು.

ಪರೀಕ್ಷೆ ಮುಗಿದ ಮೇ ತಿಂಗಳಲ್ಲೇ ಅವಳ ಮದುವೆಯಾಯಿತು. ನಾನು ಓದಲು ಬೆಳಗಾವಿಗೆ ಬಂದವಳು ಇಲ್ಲೇ ಉಳಿದೆ, ನೌಕರಿ ಹಿಡಿದೆ. ಆಫೀಸು ನನಗೆ ಬಹಳ ಬುದ್ಧಿ ಕಲಿಸಿದೆ. ಸರಿಯಾಗಿ ಬರೆದ ವರದಿಯನ್ನು ಸಾಹೇಬರು ತಪ್ಪು ಎಂದರೆ ಅವರಿಗೆ ಬೇಕಾದಂತೆ ಮತ್ತೊಮ್ಮೆ ಬರೆದು ಕೊಡುತ್ತೇನೆ. ಯಾರ ಜೊತೆ ಯಾಕೆ ವಾದ? ಹಾಗೆ ಬದುಕುತ್ತ ಬದುಕುತ್ತ, ಅಂದು ತಪ್ಪಾದದ್ದು ನನ್ನಿಂದಲೇ ಎನ್ನಿಸತೊಡಗಿತು. ಓಡು ಎಂದು ಒಂದು ಮಾತು ಅಂದಿದ್ದರೆ ಅವಳು ಆ ಸುತ್ತನ್ನೂ ಓಡಿ ಗೆಲ್ಲುತ್ತಿದ್ದಳು. ಎರಡು ವರ್ಷ ಸಿಗುತ್ತಿತ್ತು, ಆಮೇಲೆ ಏನೇನು ಸಿಗುತ್ತಿತ್ತೋ.

ಹೋದ ದೀಪಾವಳಿಗೆ ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಗೋಡಂಬಿ ಕಾರ್ಖಾನೆಯಲ್ಲಿ ಕೆಲಸವಂತೆ, ಸಿಪ್ಪೆಯ ಎಣ್ಣೆಗೆ ಬೆರಳೆಲ್ಲ ಕಪ್ಪಾಗಿದ್ದವು. ನನ್ನ ಮಕ್ಕಳ ಹೆಸರು ಕೇಳಿದಳು, ತನ್ನ ಮಕ್ಕಳ ಹೆಸರು ಹೇಳಿದಳು. ನನಗೆ ತಡೆಯಲಾಗಲಿಲ್ಲ.

"ಶೇವಂತಾ, ಆವತ್ತ ನಾ ಓಡು ಅನ್ನಬೇಕಾಗಿತ್ತು. ನನ್ನ ಕಡಿಂದ ತಪ್ಪಾತವ್ವಾ."

ಅವಳ ಮುಖ ಒಮ್ಮೆಲೇ ಬಿಗಿಯಿತು. ಸಾಲಿಯಲ್ಲಿ ನಾನು ಅವಳ ಸಿಟ್ಟು ನೋಡಿದವಳೇ ಅಲ್ಲ.

"ಏನ್ ತಪ್ಪ? ಹದಿನೈದು ಓಡೇನಿ ನಾ. ಹದಿನಾರು ಓಡಿ ಹದಿನೈದು ಅನಿಸಿಕೊಳ್ಳಾಕ ನನಗೇನ ಹುಚ್ಚ ಹಿಡದಿತ್ತೇನ? ಆವತ್ತ ಅಷ್ಟ ಮಂದ್ಯಾಗ ನೀ ಖರೇ ಹೇಳಿದ್ದಿ. ಈಗ ನೀನೂ ಅವರಂಗ ಮಾತಾಡಬ್ಯಾಡ."

ಅವಳ ಬಸ್ಸು ಬಂತು. ಚೀಲ ಎತ್ತಿಕೊಂಡು, ತಿರುಗಿ ನೋಡದೆ ಹತ್ತಿದಳು.

ನಾನು ಬೆಳಗಾವಿಯ ಬಸ್ಸಿನಲ್ಲಿ ಕೂತೆ. ಇಷ್ಟು ವರ್ಷ ಪಂಚರ ಮೇಲೆ, ಪಿ.ಟಿ. ಸರ್ ಮೇಲೆ ಹೊತ್ತುಕೊಂಡು ತಿರುಗಿದ ಸಿಟ್ಟಿಗೆ ಅವತ್ತು ಇನ್ನೊಂದು ವಿಳಾಸ ಸಿಕ್ಕಿತ್ತು, ನನ್ನದೇ. ಶೇವಂತಾಳ ಓಟವನ್ನು ಕಿತ್ತುಕೊಳ್ಳಲು ಒಂದು ಮೈದಾನದ ತುಂಬ ದೊಡ್ಡವರು ಬೇಕಾದರು, ಆದರೂ ತಾನು ಓಡಿದ್ದು ಹದಿನೈದು ಎನ್ನುವುದನ್ನು ಅವಳಿಂದ ಕಿತ್ತುಕೊಳ್ಳಲಾಗಲಿಲ್ಲ. ದೊಡ್ಡವರೆಲ್ಲ ನಗುವಾಗ ಹಾಳೆ ಹಿಡಿದು ಅವರೆದುರು ನಿಂತ ಒಬ್ಬ ಹುಡುಗಿ ನನ್ನೊಳಗೂ ಇದ್ದಳು. ಅವಳನ್ನು ನನ್ನಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಕೇಳಿದವರಿಗೆಲ್ಲ ತುಸುತುಸುವೇ ಕೊಡುತ್ತ ನಾನೇ ಮುಗಿಸಿಬಿಟ್ಟೆ.