ನರಿಯ ಮುಂಗಾಲು

ಒನ್ನಿ ಕಂಗಸ್‌ಗೆ ಅರವತ್ತೇಳು. ಅಮೆರಿಕದ ಸುಪೀರಿಯರ್ ಸರೋವರದ ದಕ್ಷಿಣದ ಕಾಡಿನಲ್ಲಿ ಐವತ್ತು ಚಳಿಗಾಲ ಬೋನಿಟ್ಟು, ನರಿ, ನೀರುನಾಯಿಗಳನ್ನು ಸುಲಿದು ತುಪ್ಪಳದ ವ್ಯಾಪಾರಿಗೆ ಮಾರಿದವನು. ಈಗ ತುಪ್ಪಳ ಕೇಳುವವರಿಲ್ಲ; ಹಿಮದಲ್ಲಿ ನಡೆಯಲು ಮಂಡಿಗಳೂ ಒಲ್ಲೆನ್ನುತ್ತವೆ. ಮನೆಯಲ್ಲಿ ಸುಮ್ಮನೆ ಕೂತರೆ ಹುಚ್ಚು ಹಿಡಿದೀತೆಂದು, ಸತ್ತ ಪ್ರಾಣಿಗಳ ಚರ್ಮದೊಳಗೆ ಹತ್ತಿ ತುಂಬಿ ಜೀವವಿದ್ದಂತೆ ನಿಲ್ಲಿಸಿಕೊಡುವ ಹಿಲ್ಮಾಳ ಬಳಿ ಕೆಲಸ ಕೇಳಿದ. ಗೆಳೆಯನ ಮಗಳು, ಆದರೆ ಮುಲಾಜಿನವಳಲ್ಲ.

"ಒಂದು ನರಿ ಸುಲಿದು ತೋರಿಸು ಮಾವ, ಆಮೇಲೆ ನೋಡೋಣ" ಅಂದಳು.

ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗಾಯಿತು ಅಂದುಕೊಂಡ ಒನ್ನಿ. ಆದರೆ ಇಲ್ಲಿಯ ಕಸುಬೇ ಬೇರೆ. ಮಾರುವ ತುಪ್ಪಳಕ್ಕೆ ಮುಂಗಾಲಿನ ಪಂಜ ಬೇಡ. ಮಣಿಕಟ್ಟಿನ ಸುತ್ತ ಚಾಕು ತಿರುಗಿಸಿ ಕತ್ತರಿಸಿ ಬಿಸಾಡುವುದು. ನಿಲ್ಲಿಸುವ ನರಿಗೆ ಪಂಜವಿಲ್ಲದಿದ್ದರೆ ಹೇಗೆ? ಉಗುರಿನ ತನಕ ಒಂದೊಂದೇ ಬೆರಳು ಬಿಡಿಸಬೇಕು. ಹಿಂಗಾಲುಗಳೆರಡಕ್ಕೇ ಬೆಳಗೆಲ್ಲ ಹಿಡಿಯಿತು. ಸೊಂಟ ಬಿದ್ದುಹೋಯಿತು. ಎಡ ಮುಂಗಾಲಿಗೆ ಬಂದಾಗ ಚಾಕು ಅವನನ್ನು ಕೇಳದೆಯೇ ಸುತ್ತು ಬಂತು. ಪಂಜ ಕೈಗೇ ಬಂತು.

ಮುಚ್ಚಿಡಲಿಲ್ಲ, ತೋರಿಸಿದ.

"ಹೋಗ್ಲಿ ಬಿಡು, ಹೊಲಿದ್ರೆ ಕೂದಲೊಳಗೆ ಮುಚ್ಚೋಗತ್ತೆ. ಇನ್ನೊಂದು ಹುಷಾರು" ಅಂದಳು ಹಿಲ್ಮಾ.

"ಸತ್ರೂ ಮಾಡಲ್ಲಮ್ಮ" ಅಂದ. ಅವಳು ಕಾಫಿ ಬಗ್ಗಿಸಿ ತರುವಷ್ಟರಲ್ಲಿ ಬಲಗಾಲೂ ಹಾಗೇ ಆಗಿತ್ತು.

ಒನ್ನಿ ಚಾಕು ಕೆಳಗಿಟ್ಟ. ನಾಚಿಕೆಗಿಂತ ಆಯಾಸವೇ ಹೆಚ್ಚಾಗಿತ್ತು. "ತಲೆ ಕಲೀತು, ಕೈ ಕಲೀತಿಲ್ಲ ಕಣಮ್ಮ. ಸಾಕಾಗಿದೆ ನಂಗೆ. ಹೋಗ್ತೀನಿ."

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗತ್ತಾ? ಹೋಗು, ಯಾರು ಬೇಡಾಂದ್ರು? ಕೊಯ್ದಿದ್ದನ್ನ ಹೊಲಿದು ಹೋಗು."

ತುಂಡಾದ ಎರಡೂ ಪಂಜಗಳ ಚರ್ಮವನ್ನು ಬೆರಳು ಬೆರಳಾಗಿ ಅವಳೇ ಬಿಡಿಸಿ ಕೊಟ್ಟಳು. ಒನ್ನಿ ಮತ್ತೆ ಕೂತ. ಹರಿದ ಚರ್ಮಕ್ಕೆ ವ್ಯಾಪಾರಿ ಮೂರು ಕಾಸು ಕೊಡುತ್ತಿರಲಿಲ್ಲವಲ್ಲ, ಚಿಮಣಿ ದೀಪದ ಕಾಲದಿಂದಲೂ ಹೊಲಿದ ಕೈ ಅದು. ಒಳಮೈಯಿಂದ ಸಣ್ಣ ಸಣ್ಣ ಹೊಲಿಗೆ ಹಾಕುತ್ತಾ ಹೋದ. ಕಾಫಿ ಆರಿಹೋಯಿತು.

ಹಿಲ್ಮಾ ಎಡಗಾಲನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕೂದಲು ಬಿಡಿಸಿ ನೋಡಿದಳು, ಹೆಬ್ಬೆರಳಾಡಿಸಿದಳು, ಮತ್ತೆ ನೋಡಿದಳು.

"ಮಾವ, ಸುಲಿಯೋದು ನಾನು ನೋಡ್ಕೋತೀನಿ. ನಾಳೆಯಿಂದ ನೀನು ಹೊಲಿಯೋಕೆ ಬಾ."

ಒನ್ನಿ ಮತ್ತೆ ಸೂಜಿ ಎತ್ತಿಕೊಂಡ. ಬಲ ಪಂಜ ಇನ್ನೂ ಬಾಕಿಯಿತ್ತು. ದಾರ ಪೋಣಿಸಲು ನೋಡಿದ, ಕಣ್ಣು ತುಂಬಿ ಸೂಜಿಯ ಕಣ್ಣೇ ಕಾಣಲಿಲ್ಲ. ಪೋಣಿಸಿಕೊಡೆಂದು ಅವಳ ಕೈಗೆ ಕೊಟ್ಟ.