ಎಡಬದಿಯ ತಂತಿ

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಬಟಾಣಿ ಸುಲಿಯುವುದಕ್ಕೂ ತಂತಿಯ ಸಿಪ್ಪೆ ಬಿಡಿಸುವುದಕ್ಕೂ ಅದೇ ಆಯುಧ. ಕಸ್ಬಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ಮೇಲಿನ ಮನೆಯವರು; ಧಾರವಾಡ ಬಿಟ್ಟು ಬಂದು ಇಲ್ಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ನಾನು ಮೇಡಂ ಎನ್ನುತ್ತಿದ್ದೆ. ತಲೆ ನರೆತ ನನ್ನನ್ನು ಅವರು ತಮ್ಮಾ ಎಂದೇ ಕರೆಯುತ್ತಿದ್ದರು.

ಶನಿವಾರ ಬೆಳಿಗ್ಗೆ ಕರಿಬೇವು, ಕಾಫಿಪುಡಿಗೆಂದು ಇಬ್ಬರೂ ನನ್ನ ಕಾರಿನಲ್ಲಿ ಲೇಕ್ ಮಾರ್ಕೆಟ್ಟಿಗೆ ಹೋಗುವುದು ವಾಡಿಕೆ. ನಾನು ಹೆದರುಪುಕ್ಕಲ. ಲಿಫ್ಟು ನಡುಗಿದರೆ ಅದರ ಹಗ್ಗ ನೆನಪಾಗುತ್ತದೆ, ಸೀನು ಬಂದರೆ ವಿಮೆ ನೆನಪಾಗುತ್ತದೆ. ಅಂಥವನು ಕಾರಿಗೆ ಹೊಸ ಮ್ಯೂಸಿಕ್ ಸಿಸ್ಟಮ್ ಹಾಕಿಸಿದೆ. ಅವತ್ತಿನಿಂದ ಸ್ಪೀಕರಿನಲ್ಲಿ ಕುಂಯ್ ಎಂಬ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಮೇಲೇರುವುದು. ಕಾರಿಗೆ ಬೆಂಕಿ ಬೀಳುವ ಮುನ್ಸೂಚನೆ ಇದೇ ಎಂದು ನನಗೆ ಖಾತ್ರಿಯಾಯಿತು. ಪರಿಹಾರವನ್ನೂ ಕಂಡುಕೊಂಡೆ: ಸದ್ದು ಏರದಷ್ಟು ನಿಧಾನವಾಗಿ ಓಡಿಸುವುದು. ಆಟೋದವರು ಪಕ್ಕಕ್ಕೆ ಬಂದು, ದಾದಾ, ಗಾಡಿ ಕೆಟ್ಟಿದೆಯೇ ಎಂದು ಬಂಗಾಳಿಯಲ್ಲಿ ಕನಿಕರದಿಂದ ವಿಚಾರಿಸಿ ಮುಂದೆ ಹೋಗುತ್ತಿದ್ದರು.

ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದ ಮೇಡಂ ಒಂದು ದಿನ ಅಂದರು, "ಈ ಎರಡನೇ ತಂಬೂರಿ ಯಾರು ಬಾರಸ್ಲಿಕ್ಕತ್ತಾರ? ಷಡ್ಜಕ್ಕ ಕೂಡವಲ್ದು."

ಬೆಂಕಿಯ ಸಂಗತಿ ಹೇಳಿದೆ. ನಕ್ಕರು, ನಗು ಕೆಮ್ಮಿನಲ್ಲಿ ಮುಗಿಯಿತು. ಕಾರು ನಿಲ್ಲಿಸಿ ಕಾಲಡಿಯ ಮ್ಯಾಟು ಎತ್ತಿಸಿದರು. ಬ್ಯಾಟರಿಯಿಂದ ಬರುವ ದಪ್ಪ ತಂತಿಯನ್ನೂ ಹಾಡು ಒಯ್ಯುವ ಸಣ್ಣ ತಂತಿಯನ್ನೂ ಸಿಸ್ಟಮ್ ಹಾಕಿದವನು ಒಂದೇ ಕಟ್ಟಿನಲ್ಲಿ ಬಿಗಿದಿದ್ದ. ಎಂಜಿನ್ನು ಕರೆಂಟು ಹುಟ್ಟಿಸುವಾಗಿನ ಗೊಣಗಾಟ ದಪ್ಪ ತಂತಿಯಿಂದ ಸಣ್ಣದಕ್ಕೆ ಹತ್ತುತ್ತಿತ್ತು. ಬೆಂಕಿಗಿಂಕಿ ಏನೂ ಇಲ್ಲ ಎಂದರು. ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಎಸ್ಪ್ಲನೇಡಿನ ಹತ್ತಿರದ ಅಂಗಡಿಯಲ್ಲಿ ನಾನು ಹೆಬ್ಬಾವಿನಂಥ, ಚಿನ್ನದ ಬಣ್ಣದ ತುದಿಯ ಕೇಬಲ್ ಹಿಡಿದುಕೊಂಡೆ. ಅಂಜುವವನಿಗೆ ದಪ್ಪಗಿದ್ದದ್ದೆಲ್ಲ ಭದ್ರ. ಮೇಡಂ ಅದರದೊಂದು ತುಂಡು ಬೇಡಿ ಉಗುರಿನಿಂದ ಸೀಳಿದರು. ಬರೀ ರಬ್ಬರು, ಒಳಗೆ ಬಡಕಲು ತಂತಿ. ಅವರು ಆರಿಸಿದ್ದು ತೆಳ್ಳನೆಯದು: ಎರಡು ಎಳೆ ಒಂದನ್ನೊಂದು ಸುತ್ತಿಕೊಂಡಿದ್ದವು, ಮೇಲೆ ಒತ್ತಾಗಿ ಹೆಣೆದ ತಾಮ್ರದ ಬಲೆ. "ಮೈ ನೋಡಬ್ಯಾಡ, ಹೆಣಿಗಿ ನೋಡು" ಎಂದರು. ಅದನ್ನು ಕಾರಿನ ಎಡಬದಿಯಲ್ಲಿ ಎಳೆಸಿ, ಬ್ಯಾಟರಿಯದನ್ನು ಬಲಬದಿಯಲ್ಲೇ ಉಳಿಸಿದರು. ನನ್ನ ಮುಖ ನೋಡಿ ಇಷ್ಟು ಸೇರಿಸಿದರು: "ನಿನ್ನ ಅಂಜಿಕಿನೂ ಹಂಗ, ತಮ್ಮಾ. ಕಿತ್ತು ಒಗೀಲಿಕ್ಕೆ ಆಗೂದಿಲ್ಲ, ಗಾಡಿ ನಡೀಬೇಕಲ್ಲ. ಬ್ಯಾರೆ ಬಾಜೂಕ ಹಾಕು."

ಮುಂದಿನ ಶನಿವಾರ ಕುಂಯ್ ಇರಲಿಲ್ಲ. ಆಲಾಪದ ನಡುವೆ ಗಾಯಕ ನಿಂತಾಗ ಕಾರು ಪೂರ್ತಿ ಮೌನ. ಆ ಮೌನದಲ್ಲಿ ಇನ್ನೊಂದು ಸದ್ದು ಕೇಳಿಸಿತು, ಸಣ್ಣಗೆ, ಸಿಳ್ಳೆಯಂತೆ. ಆಕ್ಸಿಲರೇಟರ್ ಬಿಟ್ಟೆ, ನಿಲ್ಲಲಿಲ್ಲ. ಸೆಟ್ಟು ಆರಿಸಿದೆ, ನಿಲ್ಲಲಿಲ್ಲ. ಮೇಡಂ ಉಸಿರಾಡುತ್ತಿದ್ದರು.

ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಹಾಡು ಹಚ್ಚು ಎಂದರು. ಆಸ್ಪತ್ರೆಗೆ ಹೋಗೋಣವೆಂದೆ. ಕಿಟಕಿಯ ಕಡೆ ತಿರುಗಿಕೊಂಡರು. "ಹೋದ್ರ ಏನಾರ ಹೇಳ್ತಾರ, ತಮ್ಮಾ. ಅದಕ್ಕ ಹೋಗಿಲ್ಲ."

ಅಂಜಿಕೆ ನನ್ನೊಬ್ಬನ ಪಿತ್ರಾರ್ಜಿತವೆಂದು ತಿಳಿದಿದ್ದವನು ನಾನು. ಮಾರ್ಕೆಟ್ಟಿನ ತಿರುವು ಬಂತು, ತಿರುಗಲಿಲ್ಲ. ಆಟೋಗಳನ್ನೆಲ್ಲ ಹಿಂದೆ ಹಾಕಿ ಓಡಿಸಿದೆ.

ಅವರ ಎದೆಯಲ್ಲಿ ನೀರು ತುಂಬಿತ್ತು. ಆಸ್ಪತ್ರೆಯವರು ತೆಗೆದರು, ಮತ್ತೆ ತುಂಬಿತು. ಆದರೂ ಒಂದು ಚಳಿಗಾಲ ನಮಗೆ ಸಿಕ್ಕಿತು. ಆಸ್ಪತ್ರೆಯ ದಾರಿಯುದ್ದಕ್ಕೂ ಅವರಿಗೆ ಹಾಡು ಬೇಕು. ನನ್ನ ಎಡಗಿವಿ ಮಾತ್ರ ಅವರ ಉಸಿರಿಗೇ ಮೀಸಲು.

ಈಗ ಎಡಸೀಟಿನಲ್ಲಿ ಕರಿಬೇವಿನ ಚೀಲವಿರುತ್ತದೆ. ಶನಿವಾರಗಳಲ್ಲಿ ಅದೇ ಆಲಾಪ ಹಾಕುತ್ತೇನೆ. ಗಾಯಕ ನಿಲ್ಲುವ ಜಾಗ ಹತ್ತಿರವಾದಂತೆ ಎದೆ ಹೊಡೆದುಕೊಳ್ಳುತ್ತದೆ, ಏನಾದರೂ ಕೇಳಿಸೀತೆಂದು. ಏನೂ ಕೇಳಿಸುವುದಿಲ್ಲ. ಅಷ್ಟು ಒಳ್ಳೆಯ ತಂತಿ ಆರಿಸಿದ್ದರು.