ಅಕ್ಕನ ಪಾಠ

ನಾನು ಬಿ.ಎ.ಗೆ ಮನಶ್ಶಾಸ್ತ್ರ ತೆಗೆದುಕೊಂಡ ಸುದ್ದಿ ಧಾರವಾಡದಿಂದ ಸವಣೂರಿಗೆ ಬರುವಷ್ಟರಲ್ಲಿ ಅದು ಹುಚ್ಚು ಬಿಡಿಸುವ ವಿದ್ಯೆಯಾಗಿತ್ತು. ಎದುರು ಮನೆಯ ಕಾಕಾ ತನ್ನ ಎಮ್ಮೆ ಹೊಡೆದುಕೊಂಡು ಹೋದವನು ಯಾರೆಂದು ಓಣಿಯವರ ಮುಖ ನೋಡಿ ಹೇಳು ಎಂದು ಗಂಟುಬಿದ್ದ. ಎರಡನೆಯ ಮಹಾಯುದ್ಧದ ವರ್ಷಗಳವು, ಓಣಿಯ ಮಂದಿಗೆ ನಗುವುದಕ್ಕೆ ಬೇರೇನೂ ಸಿಗುತ್ತಿರಲಿಲ್ಲ. ನಾನೂ ಅವರೊಂದಿಗೆ ನಕ್ಕೆ. ಆದರೆ ಅವ್ವನ ಮುಂದೆ ನಗಲಾಗಲಿಲ್ಲ. ರಜೆಗೆ ಬಂದವನು ಇನ್ನೂ ಚೀಲ ಇಳಿಸಿರುತ್ತಿರಲಿಲ್ಲ, ಅವಳು ಪಡಸಾಲೆಯ ಕಡೆ ಕಣ್ಣು ಹಾಯಿಸಿ ಮೆಲ್ಲಗೆ ಕೇಳುತ್ತಿದ್ದಳು.

"ಅಕ್ಕನ ಪಾಠ ಬಂತೇನು ತಮ್ಮಾ?"

ಪಡಸಾಲೆಯಲ್ಲಿ ಅಕ್ಕ ಕುಳಿತಿರುತ್ತಿದ್ದಳು. ಅಪ್ಪನದು ವೀಳ್ಯದೆಲೆಯ ವ್ಯಾಪಾರ. ತೋಟದಿಂದ ಬಂದ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೊಳೆತದ್ದನ್ನು ಬೇರೆ ಮಾಡಿ ಕಟ್ಟುವುದು ಮನೆಯ ಹೆಂಗಸರ ಕೆಲಸ. ಅಕ್ಕ ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಮಾಡುತ್ತಿದ್ದಳು. ಮಾತು ಮಾತ್ರ ಇರಲಿಲ್ಲ. ಅವಳನ್ನು ಹಿರೇಕೆರೂರು ಕಡೆಯ ಚಿಕ್ಕೇರೂರಿಗೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಕರೆದುಕೊಂಡು ಬಂದಿದ್ದರು. ಕೂಸು ಅಳಲಿಲ್ಲ. ಅಂದಿನಿಂದ ಅಕ್ಕನೂ ಬಾಯಿ ಬಿಟ್ಟಿರಲಿಲ್ಲ.

ಗಾಳಿ ಸೋಕಿದೆ ಎಂದರು. ತಾಯತ ಕಟ್ಟಿಸಿದರು, ಬೇವಿನ ಸೊಪ್ಪಿನಿಂದ ನಿವಾಳಿಸಿ ಇಳಿ ತೆಗೆದರು, ಬಂಕಾಪುರದ ವೈದ್ಯರ ಕಹಿ ಕಷಾಯ ಕುಡಿಸಿದರು. ಕೊಟ್ಟದ್ದನ್ನೆಲ್ಲ ಅಕ್ಕ ಕುಡಿದಳು. ಕೊನೆಗೆ ಅವಳ ಮಾವನವರೇ ಬಂದು ಅಪ್ಪನಿಗೆ ಹೇಳಿ ಹೋದರು: "ದೀಪಾವಳಿ ತನಕಾ ದಾರಿ ನೋಡ್ತೇವ್ರಿ ಬೀಗರ. ಆಮ್ಯಾಲೆ ಹುಡುಗಗ ಬ್ಯಾರೆ ಹೆಣ್ಣು ನೋಡೂದ." ಒಳ್ಳೆಯ ಮನುಷ್ಯ. ಹೇಳುವಾಗ ತಲೆ ಎತ್ತಲಿಲ್ಲ. ಆಮೇಲೆ ನಮ್ಮ ಮನೆಯವರ ಆಸೆಯೆಲ್ಲ ನನ್ನ ಓದಿನ ಮೇಲೆ ಬಂದು ಕೂತಿತು.

ನಾನು ಓದುತ್ತಿದ್ದದ್ದಾದರೂ ಏನು? ತತ್ತ್ವಶಾಸ್ತ್ರದ ಬಾಲಕ್ಕೆ ಕಟ್ಟಿದ್ದ ಒಂದು ವಿಷಯ. ಎರಡು ಗೆರೆಗಳಲ್ಲಿ ಯಾವುದು ಉದ್ದ ಕಾಣುತ್ತದೆ, ಅರ್ಥವಿಲ್ಲದ ಅಕ್ಷರಗಳನ್ನು ಎಷ್ಟು ಹೊತ್ತು ನೆನಪಿಡಬಹುದು, ಇಂಥವು. ಸತ್ತ ಕೂಸಿನ ತಾಯಿಯ ಬಗ್ಗೆ ಆ ದಪ್ಪ ಇಂಗ್ಲಿಷ್ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಪುಸ್ತಕದ ಮೇಲೆ ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ ಒಮ್ಮೆ ಎಳವಿಗಿ ಸ್ಟೇಷನ್ನಿನ ಬೆಂಚಿನ ಮೇಲೆ ಅದನ್ನು ಬಿಟ್ಟು ಬರಬೇಕೆಂದು ಎದ್ದೂ ಆಗಿತ್ತು.

ಒಂದೇ ಒಂದು ಪ್ರಯೋಗ ನನ್ನ ತಲೆಯಲ್ಲಿ ಉಳಿದಿತ್ತು. ಪ್ರೊಫೆಸರರು ಒಂದು ಶಬ್ದ ಹೇಳುತ್ತಿದ್ದರು, ನಾವು ತಕ್ಷಣ ಹೊಳೆದ ಇನ್ನೊಂದು ಶಬ್ದ ಹೇಳಬೇಕು. ಎಲ್ಲಿ ತಡವಾಗುತ್ತದೋ ಅಲ್ಲಿ ಮನಸ್ಸಿಗೆ ಪೆಟ್ಟು ಬಿದ್ದಿದೆ ಎಂದು ತಿಳಿಯಬೇಕು. ಆ ಬೇಸಿಗೆ ರಜೆಯಲ್ಲಿ ನಾನೂ ಒಂದು ಒದ್ದೆ ಬಟ್ಟೆ ಹಿಡಿದು ಅಕ್ಕನ ಎದುರು ಕೂತೆ. ಎಲೆ ಒರೆಸುತ್ತ ಒಂದು ಶಬ್ದ ಹೇಳುವುದು, ಅವಳು ಸುಮ್ಮನಿದ್ದರೆ ನಾನೇ ಉತ್ತರ ಹೇಳುವುದು. ಅಪ್ಪ ಒಮ್ಮೆ ಇಣುಕಿ ನೋಡಿ, ಈಗ ಇಬ್ಬರಾದರು ಎನ್ನುವ ಮುಖ ಮಾಡಿಕೊಂಡು ಹೋದ.

ಒಂದು ಮಧ್ಯಾಹ್ನ "ಎಲಿ" ಎಂದೆ.

"ಸುಣ್ಣ," ಎಂದಳು ಅಕ್ಕ.

ಧ್ವನಿ ಒಡೆದಿತ್ತು, ಆದರೂ ಅವಳದೇ ಧ್ವನಿ. ಎಲೆಯಿಂದ ಕಣ್ಣೆತ್ತದೆ "ಬಾವಿ" ಎಂದೆ. "ಹಗ್ಗ" ಎಂದಳು. "ಎತ್ತು" ಎಂದೆ. "ನೊಗ." ರೊಟ್ಟಿ ತಟ್ಟುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ನಾನು "ಕೂಸು" ಎಂದೆ.

ಅಕ್ಕ ಕೈಯಲ್ಲಿದ್ದ ಎಲೆಯನ್ನು ಒರೆಸಿದಳು, ಹೊರಳಿಸಿ ಮತ್ತೆ ಒರೆಸಿದಳು. ಆಮೇಲೆ ಕೇಳಿದಳು.

"ಹೆಣ್ಣೋ, ಗಂಡೋ?"

ನನಗೆ ಗೊತ್ತಿರಲಿಲ್ಲ, ಹೆರಿಗೆಯ ದಿನ ನಾನು ಧಾರವಾಡದಲ್ಲಿದ್ದೆ. ಅವ್ವನ ಕಡೆ ನೋಡಿದೆ. ಅವಳು ಸರ್ರನೆ ಒಳಗೆ ಹೋದಳು.

ಹಿಂದೆಯೇ ಹೋಗಿ ಕೇಳಿದಾಗ ಅವ್ವ ಒಲೆಯ ಮುಂದೆ ಕುಸಿದು ಕೂತು ಹೇಳಿದ್ದು ಇಷ್ಟು. ಹುಟ್ಟಿ ಅಳದ ಕೂಸಿನ ಮುಖ ಯಾರೂ ನೋಡಬಾರದು. ನೋಡಿದರೆ ಮಮತೆ ಹತ್ತುತ್ತದೆ, ಅದು ತಿರುಗಿ ಬಂದು ತಾಯಿಯ ಮಡಿಲು ಹಿಡಿಯುತ್ತದೆ, ಮುಂದಿನ ಕೂಸು ನಿಲ್ಲುವುದಿಲ್ಲ. ನಮ್ಮ ಮನೆಗಳಲ್ಲಿ ಮೊದಲಿನಿಂದ ನಡೆದು ಬಂದದ್ದು ಹಾಗೆ. ಸೂಲಗಿತ್ತಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು, ಅಪ್ಪ ಹಿತ್ತಲ ಬಾಗಿಲಿನಿಂದ ಒಯ್ದು ಮಣ್ಣು ಮಾಡಿ ಬಂದ.

"ಹಂಗಾರ ಹೇಳಬೇ, ಹೆಣ್ಣೋ ಗಂಡೋ? ಅಷ್ಟ ಕೇಳಾಕತ್ತಾಳ ಆಕಿ."

"ನಾ ಕಣ್ಣ ಮುಚಗೊಂಡಿದ್ದೆ ತಮ್ಮಾ. ನೋಡಿದ್ರ, ಆಕಿ ಕೇಳಿದಾಗ ಹೇಳಬೇಕಾಗ್ತೈತಿ ಅಂತ."

ಸೂಲಗಿತ್ತಿ ಹಿಂದಿನ ವರ್ಷವೇ ತೀರಿಕೊಂಡಿದ್ದಳು. ಅಪ್ಪ ಸಂಜೆ ಅಂಗಡಿಯಿಂದ ಬಂದಾಗ ಕೇಳಿದೆ. ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. "ಬಟ್ಟಿ ಬಿಚ್ಚಲಿಲ್ಲಪಾ. ಬಿಚ್ಚೂ ಧೈರ್ಯ ಆಗಲಿಲ್ಲ" ಎಂದ.

ಅಕ್ಕ ಎಲೆ ಬಿಟ್ಟು ಕಾಯುತ್ತಿದ್ದಳು. ಹೆಣ್ಣು ಎಂದು ಒಂದು ಮಾತು ಅಂದಿದ್ದರೆ ಮುಗಿದೇ ಹೋಗುತ್ತಿತ್ತು, ಕಾಲೇಜು ಓದಿದ ತಮ್ಮನ ಮಾತನ್ನು ಅವಳು ನಂಬುತ್ತಿದ್ದಳು. ಆದರೆ ನಾನು ಅವಳ ಪಕ್ಕದಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಯಾರಿಗೂ ಗೊತ್ತಿಲ್ಲಕ್ಕಾ. ಯಾರೂ ನೋಡಿಲ್ಲ."

ಅವಳು ಅಪ್ಪನನ್ನು ನೋಡಿದಳು, ಅವ್ವನನ್ನು ನೋಡಿದಳು.

"ಮನಿ ತುಂಬ ಮಂದಿ ಇದ್ರಿ. ಒಬ್ಬರೂ ಅದರ ಮಾರಿ ನೋಡಲಿಲ್ಲೇನು?"

ಅಪ್ಪ ಅಳುವುದನ್ನು ನಾನು ನೋಡಿದ್ದು ಅಂದೇ ಮೊದಲು. ಅಕ್ಕ ಅಳಲಿಲ್ಲ. ಎದ್ದು ಒಳಗೆ ಹೋಗಿ, ಅರ್ಧಕ್ಕೆ ನಿಂತಿದ್ದ ರೊಟ್ಟಿಗಳನ್ನು ತಟ್ಟಿ ಮುಗಿಸಿ, ನಮ್ಮನ್ನೆಲ್ಲ ಊಟಕ್ಕೆ ಕರೆದಳು.

ಮಾತು ಬಂತು ಎಂದು ಚಿಕ್ಕೇರೂರಿಗೆ ಹೇಳಿ ಕಳಿಸಿದೆವು. ದೀಪಾವಳಿಗೆ ಮುಂಚೆಯೇ ಗಂಡ ಬಂದು ಕರೆದುಕೊಂಡು ಹೋದ. ಓಣಿಯವರು ನನ್ನ ಬೆನ್ನು ತಟ್ಟಿದರು, ಕಾಕಾ ಮತ್ತೆ ಎಮ್ಮೆಯ ಮಾತು ತೆಗೆದ. ನನಗೆ ಯಾರ ಮುಖವನ್ನೂ ನೋಡುವುದು ಬೇಡವಾಗಿತ್ತು. ಬಿ.ಎ. ಪಾಸಾದೆ, ಮನಶ್ಶಾಸ್ತ್ರದಲ್ಲಿ ಒಳ್ಳೆಯ ಅಂಕಗಳೇ ಬಂದವು.

ಅಕ್ಕ ಮತ್ತೆ ಬಸುರಾದಾಗ ಅವ್ವ ಸೀರೆ, ಕುಪ್ಪಸದ ಖಣ, ಬುತ್ತಿ ಕಟ್ಟಿಕೊಂಡು ಕರೆತರಲು ಹೋದಳು. ಮೂರನೆಯ ದಿನ ಒಬ್ಬಳೇ ಬಂದಳು. ಗಾಡಿ ಇಳಿದವಳು ಕಟ್ಟೆಯ ಮೇಲೆ ಕೂತುಬಿಟ್ಟಳು. ನೀರು ಕೊಟ್ಟೆ, ಕುಡಿಯಲಿಲ್ಲ.

"ಬರಲಿಲ್ಲೇನಬೇ?"

"ಇಲ್ಲ. ನಿಮ್ಮನ್ಯಾಗ ಹಡಿಯೂದಿಲ್ಲವ್ವಾ ಅಂದಳು," ಎಂದಳು ಅವ್ವ. "ಬಾಳ ಸಮಾಧಾನಲೆ ಅಂದಳು."